ಹುಳ ಬೇಡ, ಹಿಕ್ಕೆ ನೋಡು: ತಣ್ಣೀರ ಕಡಲಲ್ಲಿ ನಾನು ಹುಡುಕಿದ ಬಗೆ

ಮೆಲ್ಬರ್ನ್ ಕಡೆ ಕೆಲಸಕ್ಕಿದ್ದಾಗ ನಾನು ಹೆಚ್ಚು ಡೈವ್ ಮಾಡಿದ್ದು ರೈ, ಬ್ಲೇರ್‌ಗೌರಿ, ಫ್ಲಿಂಡರ್ಸ್ ಜೆಟ್ಟಿಗಳ ಕೆಳಗೆ. ಆಳ ಐದಾರು ಮೀಟರ್ ಅಷ್ಟೇ. ದಾವಣಗೆರೆಗೆ ಬಂದಾಗಲೆಲ್ಲ ಓಣಿಯ ಹುಡುಗರು ಕೇಳುತ್ತಾರೆ: "ಅಣ್ಣಾ, ಅಷ್ಟು ಕಮ್ಮಿ ನೀರಾಗೆ ಏನ್ ಕಾಣ್ತತಿ?"

ಬಹಳ ಕಾಣುತ್ತದೆ. ಆದರೆ ನಾನು ಡೈವಿಂಗ್ ಕಲಿತ, ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಬಣ್ಣದ ಮೀನುಗಳ ಹಾಗೆ ತಾವಾಗಿ ಕಣ್ಣಿಗೆ ಬೀಳುವುದಿಲ್ಲ. ಕೆಲ್ಪ್ ಎಂಬ ಕಂದು ಕಡಲಕಳೆ, ಸ್ಪಂಜು, ಪಾಚಿಯ ನಡುವೆ ಅಲ್ಲಿನ ಜೀವಿಗಳು ಅದೇ ಬಣ್ಣ ಹೊದ್ದು ಕೂತಿರುತ್ತವೆ. ಡೆಕೊರೇಟರ್ ಏಡಿಯಂತೂ ಬೆನ್ನ ಮೇಲೆ ಸ್ಪಂಜು, ಪಾಚಿಯ ತುಂಡು ಅಂಟಿಸಿಕೊಂಡೇ ಓಡಾಡುತ್ತದೆ.

ಹುಡುಕುವ ದಾರಿ ಸಿಕ್ಕಿದ್ದು ಜಗಳೂರು ಕಡೆಯ ನಮ್ಮ ಮೆಕ್ಕೆಜೋಳದ ಹೊಲದಲ್ಲಿ. 2018ರಲ್ಲಿ ಫಾಲ್ ಸೈನಿಕ ಹುಳು ರಾಜ್ಯಕ್ಕೆ ಬಂದ ಮೇಲೆ ಅಪ್ಪಾಜಿ ಸಾಲಿನಲ್ಲಿ ನಡೆಯುತ್ತ ಹೇಳುತ್ತಿದ್ದರು: "ಹುಳ ಹುಡುಕಬ್ಯಾಡಪ್ಪ, ಸುಳಿಯಾಗೆ ಹಿಕ್ಕೆ ನೋಡು." ನೀರಿನಲ್ಲೂ ನಾನು ಹಾಗೇ ಶುರು ಮಾಡಿದೆ.

ಬಂಡೆಯ ಸಂದಿನ ಬಾಯಲ್ಲಿ ಖಾಲಿ ಚಿಪ್ಪು, ಏಡಿಯ ತುಂಡು ರಾಶಿ ಬಿದ್ದಿದ್ದರೆ ಒಳಗೆ ಆಕ್ಟೋಪಸ್ ಇರುವ ಸಂಭವ ಹೆಚ್ಚು. ತಿಂದು ಬಿಟ್ಟದ್ದನ್ನು ಅದು ಬಾಗಿಲಲ್ಲೇ ಎಸೆಯುತ್ತದೆ. ಜೆಟ್ಟಿಯ ಕಂಬದ ಮೇಲೆ ಸುರುಳಿ ಸುತ್ತಿದ ರಿಬ್ಬನ್ನಿನಂಥ ಮೊಟ್ಟೆಸಾಲು ಕಂಡರೆ, ಅದನ್ನಿಟ್ಟ ನ್ಯೂಡಿಬ್ರಾಂಕ್, ಅಂದರೆ ಚಿಪ್ಪಿಲ್ಲದ ಕಡಲ ಬಸವನಹುಳು, ಅಲ್ಲೇ ಸುತ್ತಮುತ್ತ ಸಿಕ್ಕಿದ್ದುಂಟು.

ಸೀಡ್ರ್ಯಾಗನ್ನಿಗೆ ಗುರುತು ಅದರ ಊಟ. ಕಡಲಕುದುರೆಯ ಈ ಬಂಧು ಆಸ್ಟ್ರೇಲಿಯಾದ ದಕ್ಷಿಣ ಭಾಗದ ಕರಾವಳಿ ಬಿಟ್ಟರೆ ಬೇರೆಲ್ಲೂ ಇಲ್ಲ. ಮೈತುಂಬ ಎಲೆಯಂಥ ಚೂರುಗಳು. ಕೆಲ್ಪಿನ ಜೊತೆ ತೂಗಾಡಿದರೆ ಪಕ್ಕದಲ್ಲಿದ್ದರೂ ಗೊತ್ತಾಗುವುದಿಲ್ಲ. ಅದು ತಿನ್ನುವುದು ಮೈಸಿಡ್ ಎಂಬ ಪುಟ್ಟ ಸಿಗಡಿಯಂಥ ಜೀವಿಗಳನ್ನು. ಹಾಗಾಗಿ ನಾನು ಕೆಲ್ಪಿನ ಅಂಚಿನಲ್ಲಿ ಮೈಸಿಡ್ ಹಿಂಡು ಹುಡುಕಿ, ಬಿಸಿಡಿಯ, ಅಂದರೆ ತೇಲಲು ತೊಡುವ ಗಾಳಿ ತುಂಬುವ ಜಾಕೆಟ್ಟಿನ, ಗಾಳಿ ಸರಿಮಾಡಿಕೊಂಡು, ನೆಲ ಮುಟ್ಟದೆ ತೇಲುತ್ತ ಕಾಯುತ್ತಿದ್ದೆ. ಹಗಲಲ್ಲೂ ಟಾರ್ಚ್ ಬೇಕು. ನೀರು ಕೆಂಪು ಬಣ್ಣವನ್ನೇ ಮೊದಲು ನುಂಗುತ್ತದೆ. ಬೆಳಕು ಬಿಟ್ಟಾಗ ಮಾತ್ರ ಆ ಕಂದು ಮೈಯ ಕೆಂಪು, ಹಳದಿ ಚುಕ್ಕೆ, ನೀಲಿ ಪಟ್ಟೆ ಎದ್ದು ಬರುತ್ತವೆ. ಒಂದು ಗಂಡಿನ ಬಾಲದ ಅಡಿಯಲ್ಲಿ ಸಾಲಾಗಿ ಮೊಟ್ಟೆಗಳಿದ್ದವು. ಸುಮಾರು 250 ಮೊಟ್ಟೆಗಳನ್ನು ಗಂಡೇ ಹೊರುತ್ತದೆ, ಮರಿಯಾಗಲು ಎರಡು ತಿಂಗಳು. ಅದನ್ನು ನೋಡಿದಾಗ ನನಗಾದ ಸಂತೋಷ ಇಷ್ಟು ಅಷ್ಟಲ್ಲ.

ಚಳಿಗಾಲದಲ್ಲಿ ನೀರು 10–11 ಡಿಗ್ರಿಗೆ ಇಳಿಯುತ್ತದೆ. 7 ಮಿಮೀ ವೆಟ್‌ಸೂಟ್, ತಲೆಗೆ ಹುಡ್, ಕೈಗವಸು ಇಲ್ಲದೆ ಇಳಿಯಬಾರದು. ನಡುಗುವವನಿಗೆ ತಾಳ್ಮೆ ಉಳಿಯುವುದಿಲ್ಲ. ಆದರೆ ದೈತ್ಯ ಜೇಡಏಡಿಗಳು ಪೊರೆ ಕಳಚಲು ದಂಡುಗಟ್ಟಿ ಮೆಲ್ಬರ್ನಿನ ಪೋರ್ಟ್ ಫಿಲಿಪ್ ಕೊಲ್ಲಿಗೆ ಬರುವುದೂ ಆ ಚಳಿಯಲ್ಲೇ.

ಒಂದು ಎಚ್ಚರ. ಬಿದ್ದ ಚಿಪ್ಪು, ಬಾಟಲಿ ಯಾವುದನ್ನೂ ಎತ್ತಬೇಡಿ. ಅಂಗೈಯಲ್ಲಿ ಹಿಡಿಸುವಷ್ಟೇ ಇರುವ ನೀಲಿ ಉಂಗುರದ ಆಕ್ಟೋಪಸ್ ಅಂಥಲ್ಲೇ ಅಡಗುತ್ತದೆ. ಅದರ ವಿಷಕ್ಕೆ ಮದ್ದಿಲ್ಲ, ಕಚ್ಚಿದ್ದು ನೋಯದೆಯೂ ಇರಬಹುದು.

ಕಲಿಯುವ ಆಸೆಯಿರುವ ನಮ್ಮೂರ ಹುಡುಗರಿಗೆ ನಾನು ಹೇಳುವುದು ಮುರ್ಡೇಶ್ವರದ ದಾರಿ. ಮಳೆಗಾಲ ಮುಗಿದ ಮೇಲೆ ಹೋಗಿ, ಮೊದಲ ಕೋರ್ಸಿನಲ್ಲಿ 18 ಮೀಟರ್ ತನಕ ಇಳಿಯಬಹುದು. ನೇತ್ರಾಣಿಯಲ್ಲಿ ಮೀನಿನ ಹಿಂದೆ ಈಜುವ ಮೊದಲು ಒಂದೇ ಬಂಡೆಯ ಮುಂದೆ ಹತ್ತು ನಿಮಿಷ ನಿಂತು ನೋಡಿ.