ಮಡಿಕೇರಿಗೆ ಹೊರಟಿರಾ? ಮೊದಲು ತಿಂಗಳು ಗೊತ್ತುಮಾಡಿ

ಮಡಿಕೇರಿ ಎಂದ ಕೂಡಲೇ ಎಲ್ಲರೂ ರೂಮು ಹುಡುಕಲು ಕೂರುತ್ತಾರೆ. ಅದಕ್ಕೂ ಮುಂಚೆ ಯಾವ ತಿಂಗಳು ಹೋಗುವುದೆಂದು ತೀರ್ಮಾನಿಸಿ. ಅಲ್ಲಿನ ಅಡುಗೆ ಮಳೆಯ ಮಾತು ಕೇಳುತ್ತದೆ. ಕಣಿಲೆಯ (ಎಳೆ ಬಿದಿರಿನ) ಬೈಂಬಳೆ ಕರಿ, ಅಣಬೆಯ ಕುಮ್ಮು ಕರಿ ತಾಜಾ ಸಿಗುವುದು ಮಳೆಗಾಲದಲ್ಲಿ. ಮದ್ದು ಪಾಯಸ ಬೇಕಿದ್ದರೆ ಆಗಸ್ಟ್ 3ರ ಆಸುಪಾಸು ಹೋಗಿ. ಅದು ಕೊಡವರ ಕಕ್ಕಡ ತಿಂಗಳ 18ನೇ ದಿನ. ಅಂದು ಈ ಪಾಯಸಕ್ಕೆ ಬಳಸುವ ಮದ್ದುಸೊಪ್ಪಿನಲ್ಲಿ 18 ಬಗೆಯ ಔಷಧಿ ಗುಣ ಸೇರಿರುತ್ತದೆ ಎಂಬುದು ನಂಬಿಕೆ. ಸೊಪ್ಪು ಬೇಯಿಸಿದ ನೀರು ಕಡು ನೇರಳೆ ಬಣ್ಣಕ್ಕೆ ತಿರುಗುತ್ತದೆ, ಪಾಯಸಕ್ಕೂ ಅದೇ ಬಣ್ಣ. ತಿಂದ ಮೇಲೆ ಮೂತ್ರ ಕೆಂಪಾದರೆ ಗಾಬರಿ ಬೇಡ. ಮಳೆ ಜೋರಿದ್ದಾಗ ಗುಡ್ಡ ಕುಸಿಯುವುದುಂಟು, ಹವಾಮಾನ ವರದಿ ನೋಡಿಕೊಂಡೇ ಹೊರಡಿ.

ಊರಿಗೆ ರೈಲಿಲ್ಲ. ಮೈಸೂರಿನಿಂದ ಸುಮಾರು 120 ಕಿ.ಮೀ., ಬಸ್ಸು ಸಾಕಷ್ಟಿವೆ.

ಬೆಳಿಗ್ಗೆ ಕೋಟೆಯಿಂದ ಶುರುಮಾಡಿ. ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದ. ಮುದ್ದುರಾಜನ ಕೇರಿಯೇ ಮಡಿಕೇರಿಯಾಯಿತು. ಮಣ್ಣಿನ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿದವನು ಟಿಪ್ಪು. ಒಳಗೆ ಆಳೆತ್ತರ ಮೀರಿದ ಎರಡು ಗಾರೆ ಆನೆಗಳಿವೆ, ಮಕ್ಕಳು ಅಲ್ಲಿಂದ ಕದಲುವುದಿಲ್ಲ. ಹಳೆಯ ಇಗರ್ಜಿಯೊಂದು ಈಗ ವಸ್ತುಸಂಗ್ರಹಾಲಯ. ಅಲ್ಲಿಂದ ಇಳಿದು ಓಂಕಾರೇಶ್ವರನ ಗುಡಿಗೆ ನಡೆದೇ ಹೋಗಿ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಈ ಶಿವಾಲಯಕ್ಕೆ ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು. ಎದುರಿನ ಕಲ್ಯಾಣಿಯ ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂತರೆ ಮಾತ್ರ ಆ ಚೆಲುವು ಕಣ್ಣಿಗೆ ಇಳಿಯುತ್ತದೆ.

ಅಷ್ಟರಲ್ಲಿ ಹಸಿವಾಗಿರುತ್ತದೆ. ಕೊಡವ ಅಡುಗೆ ಮಾಡುವ ಹೋಟೆಲನ್ನೇ ಕೇಳಿಕೊಂಡು ಹೋಗಿ. ಹಂದಿ ತಿನ್ನುವವರು ಪಂದಿ ಕರಿ, ಕಡಂಬುಟ್ಟು ಹೇಳಿ. ಕಡಂಬುಟ್ಟು ಅಕ್ಕಿತರಿಯ ಉಂಡೆ, ಹಬೆಯಲ್ಲಿ ಬೆಂದದ್ದು. ಬಿಸಿಯಿರುವಾಗಲೇ ಬೆರಳಲ್ಲಿ ಮುರಿದು ಕಪ್ಪನೆಯ ಸಾರಿನಲ್ಲಿ ಒತ್ತಿ, ಒಂದು ಕ್ಷಣ ಬಿಟ್ಟು ಬಾಯಿಗಿಡಿ. ಮೊದಲು ಹುರಿದ ಮಸಾಲೆಯ ಖಾರ, ಹಿಂದೆಯೇ ಗಂಟಲಂಚಿನಲ್ಲಿ ಹುಳಿ. ಅದು ಕಾಚಂಪುಳಿ. ಪಣಂಪುಳಿ ಎಂಬ ಹುಳಿಹಣ್ಣು ಮಾಗಿದಾಗ ಸೋರಿದ ರಸವನ್ನು ಕಪ್ಪಗೆ, ಗಟ್ಟಿಯಾಗುವವರೆಗೆ ಕುದಿಸಿ ಮಾಡಿದ್ದು. ಮಾಂಸ ಬೇಡದವರಿಗೆ ನೂಪುಟ್ಟು (ಅಕ್ಕಿ ಶಾವಿಗೆ), ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ), ತೆಂಗಿನಕಾಯಿ ಹಾಕಿದ ಪಾಪುಟ್ಟು ಇವೆ. ಜೊತೆಗೆ ಕಾಡುಮಾವಿನ ಕರಿ ಸಿಕ್ಕರೆ ಬಿಡಬೇಡಿ. ನನ್ನನ್ನು ಕೇಳಿದರೆ ಪಂದಿ ಕರಿಗಿಂತ ಒಂದು ಕೈ ಮೇಲು ಅದೇ. ಕೊನೆಗೆ ಬೆಲ್ಲದ ಕಾಪಿ.

ಮಧ್ಯಾಹ್ನ ರಾಜರ ಗದ್ದಿಗೆ, ಅಂದರೆ ಸಮಾಧಿಗಳನ್ನು ನೋಡಿ. 1834ರಲ್ಲಿ ಬ್ರಿಟಿಷರು ಕೊನೆಯ ಅರಸ ಚಿಕ್ಕವೀರರಾಜನನ್ನು ಇಳಿಸಿ ಕೊಡಗನ್ನು ವಶಪಡಿಸಿಕೊಂಡರು. ಅವನ ಹಿರಿಯರು ಮಲಗಿರುವುದು ಈ ಗುಮ್ಮಟಗಳಡಿ. ಸಂಜೆ ರಾಜಾಸೀಟಿಗೆ ಸೂರ್ಯ ಮುಳುಗುವ ಅರ್ಧ ಗಂಟೆ ಮುಂಚೆ ತಲುಪಿ.

ಮನೆಗೆ ಒಯ್ಯಲು ಒಂದು ಸಣ್ಣ ಬಾಟಲಿ ಕಾಚಂಪುಳಿ ಸಾಕು. ಅಲ್ಲಾಡಿಸಿ ನೋಡಿ: ನೀರಿನಂತೆ ಕುಲುಕದೆ ಗಾಜಿಗೆ ಅಂಟಿ ನಿಧಾನ ಜಾರಬೇಕು. ಅರ್ಧ ಕೆ.ಜಿ. ಮಾಂಸಕ್ಕೆ ಒಂದು ಚಮಚದಿಂದ ಶುರುಮಾಡಿ, ಅದೂ ಒಲೆ ಆರಿಸುವ ಸ್ವಲ್ಪ ಮುಂಚೆ.