ಕವಳದಿಂದ ಹೊಗೆಸೊಪ್ಪು ಬಿಡಿಸುವ ಕ್ರಮ

ಸಿಗರೇಟು ಬಿಡುವುದರ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಆದರೆ 2016–17ರ ರಾಷ್ಟ್ರೀಯ ಸಮೀಕ್ಷೆಯ ಲೆಕ್ಕದಲ್ಲಿ ದೇಶದ ವಯಸ್ಕರಲ್ಲಿ ತಂಬಾಕು ಸೇದುವವರು ಶೇ 10.7, ಜಗಿಯುವ ಅಥವಾ ಬಾಯಲ್ಲಿಡುವವರು ಶೇ 21.4. ಮಲೆನಾಡಿನ ಜಗಲಿಯಲ್ಲಿ ಹೊಗೆಸೊಪ್ಪು ಕವಳದ, ಅಂದರೆ ಎಲೆಅಡಿಕೆಯ, ಹರಿವಾಣದಲ್ಲೇ ಎಲೆ, ಅಡಿಕೆ, ಸುಣ್ಣದ ಪಕ್ಕ ಇರುತ್ತದೆ. ಕೇಂದ್ರ ಸರ್ಕಾರದ ತಂಬಾಕು ನಿಯಂತ್ರಣ ಕಾರ್ಯಕ್ರಮ 2007–08ರಲ್ಲಿ ಶುರುವಾಯಿತು. ತಂಬಾಕು ಬಿಡಿಸುವ ಸಹಾಯವಾಣಿಯ ಸಂಖ್ಯೆ 2018ರ ಸೆಪ್ಟೆಂಬರ್‌ನಿಂದ ಪೊಟ್ಟಣಗಳ ಮೇಲೆ ಅಚ್ಚಾಗುತ್ತಿದೆ. ಸಂತೆಯಲ್ಲಿ ಎಸಳು ಆರಿಸಿ ಹಳೇ ಪೇಪರಿನಲ್ಲಿ ಸುತ್ತಿಸಿಕೊಂಡು ಬರುವ ಹೊಗೆಸೊಪ್ಪಿಗೆ ಪೊಟ್ಟಣವೇ ಇಲ್ಲವಲ್ಲ, ಸಂಖ್ಯೆ ಎಲ್ಲಿ ಕಾಣಬೇಕು? ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪಗೆ ಬರೆದುಕೊಳ್ಳಿ: 1800-11-2356.

1. ಮೂರು ದಿನ ಲೆಕ್ಕ ಇಡಿ

ಏನನ್ನೂ ಕಡಿಮೆ ಮಾಡಬೇಡಿ. ದಿನಕ್ಕೆ ಎಷ್ಟು ಕವಳ, ಯಾವ ಹೊತ್ತಿಗೆ ಎಂದು ಗೀಟು ಹಾಕುತ್ತಾ ಬನ್ನಿ. ಮುಖ್ಯವಾಗಿ, ಎದ್ದು ಎಷ್ಟು ನಿಮಿಷಕ್ಕೆ ಮೊದಲ ಕವಳ ಎಂಬುದನ್ನು ಗುರುತು ಹಾಕಿಕೊಳ್ಳಿ. ಮುಂದೆ ಔಷಧದ ಪ್ರಮಾಣ ನಿಲ್ಲುವುದು ಅದರ ಮೇಲೆ.

2. ದಿನ ಗೊತ್ತುಮಾಡಿ

ಎರಡು ವಾರದೊಳಗಿನ ಒಂದು ದಿನ. ಅಡಿಕೆ ಕೊಯ್ಲು, ಸುಲಿತದ ಕಾಲ ಬೇಡ. ರಾತ್ರಿ ನಿದ್ದೆ ತಡೆಯಲು ಕವಳ ಹಾಕುತ್ತಾ ಮೆಟ್ಟುಗತ್ತಿಯ ಮುಂದೆ ಕೂತವರ ನಡುವೆ ಯಾರ ಶಪಥವೂ ನಿಲ್ಲುವುದಿಲ್ಲ. ಮದುವೆ ಮನೆ, ತಿಥಿ ಮನೆ ಇರುವ ವಾರವೂ ಬೇಡ.

‘ದಿನಾ ಒಂಚೂರು ಕಡಿಮೆ ಮಾಡುತ್ತಾ ಬರುತ್ತೇನೆ’ ಎನ್ನುವವರು ಹೆಚ್ಚಾಗಿ ಸೋಲುವುದಕ್ಕೆ ಕಾರಣ ಸುಣ್ಣ. ಸುಣ್ಣ ಬಾಯಿಯ ರಸವನ್ನು ಕ್ಷಾರವಾಗಿಸುತ್ತದೆ, ಆಗ ಹೊಗೆಸೊಪ್ಪಿನಲ್ಲಿರುವ, ಚಟ ಹಿಡಿಸುವ ನಿಕೋಟಿನ್ ಕೆನ್ನೆಯ ಒಳಪದರದಿಂದ ಬೇಗ ರಕ್ತಕ್ಕೆ ಇಳಿಯುತ್ತದೆ. ಎಸಳು ಅರ್ಧ ಮಾಡಿದವರು ಗೊತ್ತಿಲ್ಲದೆಯೇ ಸುಣ್ಣ ಜಾಸ್ತಿ ಹಚ್ಚಿ, ಹೆಚ್ಚು ಹೊತ್ತು ದವಡೆಯಲ್ಲಿ ಇಟ್ಟುಕೊಳ್ಳುತ್ತಾರೆ. ಕೆನ್ನೆ ಸುಟ್ಟಿದ್ದೇ ಬಂತು.

3. ಕರೆ ಮಾಡಿ

ಮೇಲಿನ ಸಂಖ್ಯೆಗೆ ಕರೆ ಉಚಿತ. ಸೋಮವಾರ ರಜೆ, ಉಳಿದ ದಿನ ಬೆಳಿಗ್ಗೆ 8ರಿಂದ ರಾತ್ರಿ 8. ಬೆಂಗಳೂರಿನ ನಿಮ್ಹಾನ್ಸ್ ದಕ್ಷಿಣದ ಭಾಷೆಗಳ ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು. ಸಿಗ್ನಲ್ ಸಿಗುವ ಗುಡ್ಡದ ತುದಿಗೆ ಹೋಗಿ, ಗೀಟು ಹಾಕಿದ ಚೀಟಿ ಕೈಯಲ್ಲಿಟ್ಟುಕೊಂಡು ಕರೆ ಮಾಡಿ. ಮೊಬೈಲಿಗೆ ಸಂದೇಶ ಬಂದರೆ ಸಾಕು ಎನ್ನುವವರು 011-22901701ಕ್ಕೆ ಮಿಸ್ಡ್ ಕಾಲ್ ಕೊಡಬಹುದು. ಎದುರು ಕೂತು ಮಾತಾಡುವುದೇ ಸರಿ ಎನ್ನುವವರು ಜಿಲ್ಲಾ ತಂಬಾಕು ನಿಯಂತ್ರಣ ಕೋಶವನ್ನು ವಿಚಾರಿಸಿ.

4. ನಿಕೋಟಿನ್ ಗಮ್

ಹೊಗೆಸೊಪ್ಪಿಲ್ಲದೆ ನಿಕೋಟಿನ್ ಮಾತ್ರ ಕೊಟ್ಟು ಆಸೆ ತಣಿಸುವ, ಜಗಿಯುವ ಔಷಧ ಇದು. ಎಲ್ಲರೂ ಎಡವುವುದು ಇಲ್ಲೇ. ‘ಗಮ್ ತಿಂದೆ, ಬಿಕ್ಕಳಿಕೆ ಬಂತು, ಬಿಟ್ಟೆ’ ಎಂಬ ದೂರಿನಲ್ಲಿ ಗಮ್ಮಿನ ತಪ್ಪು ಕಡಿಮೆ, ಜಗಿದ ರೀತಿಯ ತಪ್ಪು ಹೆಚ್ಚು.

2 ಮಿಲಿಗ್ರಾಂನದು ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದೆ, 4 ಮಿಲಿಗ್ರಾಂಗೆ ವೈದ್ಯರ ಚೀಟಿ ಬೇಕು. ಎದ್ದ ಅರ್ಧ ಗಂಟೆಯೊಳಗೆ ಮೊದಲ ಕವಳ ಹಾಕುವವರಿಗೆ 2 ಮಿಲಿಗ್ರಾಂ ಸಾಲದು. ಅಂಥವರು ಮೊದಲೇ ವೈದ್ಯರ ಹತ್ತಿರ ಹೋಗುವುದು ಒಳ್ಳೆಯದು. ಬಸುರಿಯರು, ಎದೆಹಾಲು ಕುಡಿಸುವವರು, ಇತ್ತೀಚೆಗೆ ಹೃದಯಾಘಾತ ಆದವರು ಕೇಳದೆ ಗಮ್ ಮುಟ್ಟಬಾರದು. ಕಟ್ಟಿಸಿದ ಹಲ್ಲಿಗೆ ಗಮ್ ಅಂಟಿಕೊಳ್ಳುತ್ತದೆ. ಬಾಯಿ ಪೂರ್ತಿ ತೆರೆಯಲಾಗದವರಿಗೆ ಜಗಿಯುವುದೇ ಕಷ್ಟ. ಇವರಿಬ್ಬರೂ ಚರ್ಮಕ್ಕೆ ಅಂಟಿಸುವ ಪಟ್ಟಿಯ ಬಗ್ಗೆ ಕೇಳಲಿ.

ಗಮ್ ಬಾಯಿಗೆ ಹಾಕಿ ನಿಧಾನವಾಗಿ ಹತ್ತು ಹದಿನೈದು ಸಲ ಜಗಿಯಿರಿ. ಕಾಳುಮೆಣಸಿನಂಥ ಖಾರ, ನಾಲಿಗೆಗೆ ಚುರುಚುರು ಎನ್ನುವುದು ಶುರುವಾದ ಕೂಡಲೆ ಜಗಿಯುವುದು ನಿಲ್ಲಬೇಕು. ಗಮ್ಮನ್ನು ಕೆನ್ನೆ ಮತ್ತು ವಸಡಿನ ನಡುವೆ ಒತ್ತರಿಸಿ ಸುಮ್ಮನಿರಿ. ಕವಳ ಒತ್ತರಿಸಿ ಗೊತ್ತಿದ್ದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಂದು ನಿಮಿಷದಲ್ಲಿ ಚುರುಚುರು ಇಳಿಯುತ್ತದೆ. ಮತ್ತೆ ನಾಲ್ಕು ಸಲ ಜಗಿದು, ಈ ಸಲ ಇನ್ನೊಂದು ಕೆನ್ನೆಗೆ. ಹೀಗೆ ಅರ್ಧ ಗಂಟೆ. ಆಮೇಲೆ ಕಾಗದದಲ್ಲಿ ಸುತ್ತಿ ಎಸೆಯಿರಿ, ಮಕ್ಕಳ ಕೈಗೂ ನಾಯಿಯ ಬಾಯಿಗೂ ಸಿಗಬಾರದು.

ಬಬಲ್‌ಗಮ್‌ನಂತೆ ಎಡೆಬಿಡದೆ ಜಗಿದರೆ ನಿಕೋಟಿನ್ ಒಟ್ಟಿಗೆ ಬಿಟ್ಟುಕೊಂಡು ಎಂಜಲಿನ ಜೊತೆ ಹೊಟ್ಟೆಗೆ ಹೋಗುತ್ತದೆ. ಅಲ್ಲಿ ಅದರಿಂದ ಉಪಯೋಗ ಕಡಿಮೆ, ಬಿಕ್ಕಳಿಕೆ, ಎದೆಯುರಿ, ವಾಕರಿಕೆ ಮಾತ್ರ ಖಚಿತ. ಕವಳದ ರಸದಂತೆ ಪಿಚಕ್ಕನೆ ಉಗುಳಿದರೂ ಔಷಧ ಅಂಗಳದ ಪಾಲು.

ಎರಡನೇ ತಪ್ಪು ಕಾಫಿ. ಹುಳಿ ಇರುವ ಯಾವುದೇ ಕುಡಿಯುವ ಪದಾರ್ಥ ಬಾಯಲ್ಲಿದ್ದರೆ ನಿಕೋಟಿನ್ ಕೆನ್ನೆಯಿಂದ ಒಳಗೆ ಹೋಗುವುದಿಲ್ಲ, ಸುಣ್ಣ ಮಾಡುವ ಕೆಲಸದ ತದ್ವಿರುದ್ಧ. ಕಾಫಿ, ಮಜ್ಜಿಗೆ, ನಿಂಬೆ ಶರಬತ್ತು, ಮುರುಗಲು ಹಣ್ಣಿನ ಪಾನಕ, ಯಾವುದೇ ಆದರೂ ಗಮ್‌ಗಿಂತ 15 ನಿಮಿಷ ಮೊದಲೇ ಮುಗಿದಿರಬೇಕು. ಕಾಫಿ ಕುಡಿಯಿರಿ, ಬಾಯಿ ಮುಕ್ಕಳಿಸಿ, ಕೊಟ್ಟಿಗೆ ಕೆಲಸ ಮುಗಿಸಿ ಬಂದು ಗಮ್ ಹಾಕಿ.

ಮೂರನೆಯದು, ಆಸೆ ಕೆರಳಿದ ಮೇಲೆ ಗಮ್ ಹುಡುಕುವುದು. ಕವಳದಷ್ಟು ಬೇಗ ಗಮ್ ಹಿಡಿಯುವುದಿಲ್ಲ, ಅರ್ಧ ಗಂಟೆಯೇ ಬೇಕಾದೀತು. ಅದಕ್ಕೇ ಗಡಿಯಾರ ನೋಡಿ ಹಾಕಬೇಕು: ಮೊದಲ ಆರು ವಾರ ಒಂದೆರಡು ಗಂಟೆಗೊಂದು, ದಿನಕ್ಕೆ ಕಡಿಮೆಯೆಂದರೂ ಒಂಬತ್ತು, ಏಳರಿಂದ ಒಂಬತ್ತನೇ ವಾರ ಎರಡರಿಂದ ನಾಲ್ಕು ಗಂಟೆಗೊಂದು, ಹತ್ತರಿಂದ ಹನ್ನೆರಡನೇ ವಾರ ನಾಲ್ಕರಿಂದ ಎಂಟು ಗಂಟೆಗೊಂದು. ದಿನಕ್ಕೆ 24ನ್ನು ಎಂದೂ ಮೀರುವಂತಿಲ್ಲ. ದುಡ್ಡು ಉಳಿಸಲು ದಿನಕ್ಕೆ ಮೂರೇ ಹಾಕಿ ‘ಏನೂ ಆಗಲಿಲ್ಲ’ ಎನ್ನುವವರಿಗೆ ಏನೂ ಆಗುವುದೂ ಇಲ್ಲ.

ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿಸಿರುವ, ‘ಅವರಿಗೆ ಗೊತ್ತಿಲ್ಲದಂತೆ ಸಾರಿನಲ್ಲಿ ಹಾಕಿ’ ಎನ್ನುವ ಚಟ ಬಿಡಿಸುವ ಪುಡಿಗಳನ್ನು ಮುಟ್ಟಬೇಡಿ. ಒಳಗೇನಿದೆ ಎಂದೇ ಬರೆದಿರುವುದಿಲ್ಲ.

5. ಮೊದಲ ಮೂರು ದಿನ

ಕಾಟ ತುತ್ತತುದಿಗೆ ಏರುವುದು ಎರಡನೇ ಮತ್ತು ಮೂರನೇ ದಿನ. ತಲೆನೋವು, ಸಿಡುಕು, ನಿದ್ದೆಗೇಡು. ‘ಹೊಗೆಸೊಪ್ಪು ಹಾಕದೆ ಹೊರಕಡೆಗೆ ಆಗುವುದಿಲ್ಲ’ ಎಂಬುದು ಬರೀ ನೆಪವಲ್ಲ, ನಿಕೋಟಿನ್ ನಿಂತಾಗ ಮಲಬದ್ಧತೆ ಆಗುವುದುಂಟು. ಎದ್ದಕೂಡಲೆ ಎರಡು ಲೋಟ ಬಿಸಿನೀರು, ಊಟಕ್ಕೆ ಸೊಪ್ಪಿನ ಪಲ್ಯ, ರಾತ್ರಿ ಬಾಳೆಹಣ್ಣು; ವಾರದಲ್ಲಿ ಸರಿಹೋಗದಿದ್ದರೆ ವೈದ್ಯರಿಗೆ ಹೇಳಿ. ಒಂದೊಂದು ಸಲದ ಆಸೆ ಹೆಚ್ಚೆಂದರೆ ಹತ್ತು ನಿಮಿಷ. ಅಷ್ಟು ಹೊತ್ತು ಬಾಯಿಗೆ ಏಲಕ್ಕಿ, ಲವಂಗ ಅಥವಾ ಸೋಂಪು, ಕಾಲಿಗೆ ತೋಟದ ದಾರಿ. ನೆಲ್ಲಿಚಟ್ಟು ಬೇಡ, ಹುಳಿ ಗಮ್ಮಿಗೆ ಆಗದು.

6. ಕವಳವನ್ನೂ ಬಿಡಿ

‘ಹೊಗೆಸೊಪ್ಪು ಮಾತ್ರ ಬಿಡುತ್ತೇನೆ, ಎಲೆಅಡಿಕೆ ಇರಲಿ’ ಎಂಬ ಒಪ್ಪಂದ ನಡೆಯುವುದು ಕಷ್ಟ. ಬಾಯಲ್ಲಿ ಸುಣ್ಣದ ರುಚಿ ಬಂದ ಕೂಡಲೆ ಕೈ ಎಸಳಿನ ಕಡೆ ಹೋಗುತ್ತದೆ. ಕನಿಷ್ಠ ಮೂರು ತಿಂಗಳು ಸಂಚಿ, ಅಡಕತ್ತರಿ, ಸುಣ್ಣದ ಡಬ್ಬಿ ಮೂರೂ ಅಟ್ಟಕ್ಕೆ. ಅಡಿಕೆಯಿಂದಲೇ ಮನೆ ನಡೆಯುವ ಊರಿನಲ್ಲಿ ಹೇಳಲು ಹಿತವಲ್ಲದಿದ್ದರೂ ಹೇಳಬೇಕು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತಂಬಾಕಿಲ್ಲದ ಕವಳವನ್ನೂ ಅಡಿಕೆಯನ್ನೂ 2004ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ.

ಬದಲಿಗೆ ಪಾನ್ ಮಸಾಲ ಹಿಡಿಯುವುದು ಇನ್ನೂ ಕೆಟ್ಟದ್ದು. ಮಸಾಲಕ್ಕೆ ತಂಬಾಕು ಬೆರೆಸಿದ ಗುಟ್ಕಾ ರಾಜ್ಯದಲ್ಲಿ 2013ರಲ್ಲೇ ನಿಷೇಧವಾಯಿತು. ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಮಾಡಿ ಪಕ್ಕಪಕ್ಕ ನೇತುಹಾಕಿ ಮಾರುವುದು ಆ ನಿಷೇಧದ ಸಂದಿಯಲ್ಲಿ ಹುಟ್ಟಿದ ವ್ಯಾಪಾರ.

ನೆಂಟರ ಮನೆಯಲ್ಲಿ ‘ಭಾವ, ಒಂದು ಕವಳ ಹಾಕು’ ಎಂದು ಹರಿವಾಣ ಮುಂದೆ ತಳ್ಳಿದಾಗ ‘ಬಿಟ್ಟಿದ್ದೇನೆ’ ಎನ್ನಬೇಡಿ, ಒಂದು ಗಂಟೆ ಚರ್ಚೆಯಾಗುತ್ತದೆ. ‘ಡಾಕ್ಟ್ರು ಬೇಡ ಅಂದಿದಾರೆ’ ಎಂದರೆ ಮಾತು ಅಲ್ಲಿಗೆ ಮುಗಿಯಿತು. ಇನ್ನು ಅಂಗಡಿಯಿಂದ ಹೊಗೆಸೊಪ್ಪು ತರಲು ಮೊಮ್ಮಗನನ್ನು ಕಳಿಸುತ್ತಿದ್ದ ಅಜ್ಜಂದಿರ ಗಮನಕ್ಕೆ: 2025ರಿಂದ ರಾಜ್ಯದಲ್ಲಿ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ.

7. ಜಾರಿದರೆ

ಒಂದು ಕವಳ ಹಾಕಿಬಿಟ್ಟಿರಿ ಎಂದುಕೊಳ್ಳಿ. ಉಗಿದು, ಬಾಯಿ ತೊಳೆದು, ಗಮ್ಮಿನ ಹೊತ್ತನ್ನು ಹಾಗೇ ಮುಂದುವರಿಸಿ. ಹೊಸ ದಿನ ಗೊತ್ತುಮಾಡುತ್ತಾ ಕೂರಬೇಡಿ. ಯಾವ ಹೊತ್ತು, ಯಾರ ಜೊತೆ ಎಂದು ಚೀಟಿಯಲ್ಲಿ ಬರೆದು, ಮುಂದಿನ ಕರೆಯಲ್ಲಿ ಹೇಳಿ.

8. ಬಾಯಿ ನೋಡಿಕೊಳ್ಳಿ

ತಿಂಗಳಿಗೊಮ್ಮೆ ಹಗಲು ಬೆಳಕಿನಲ್ಲಿ ಕನ್ನಡಿ ಹಿಡಿದು, ಕವಳ ಒತ್ತರಿಸುತ್ತಿದ್ದ ಕೆನ್ನೆಯನ್ನು ಬೆರಳಿನಿಂದ ಎಳೆದು ನೋಡಿ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರಕ್ಕೂ ಮಾಯದ ಹುಣ್ಣು, ಖಾರ ತಾಗಿದರೆ ಉರಿ ಇದ್ದರೆ ತಡ ಮಾಡಬೇಡಿ. ತೋರು, ನಡು, ಉಂಗುರ ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಮತ್ತು ಕೆಳಗಿನ ಮುಂಭಾಗದ ಹಲ್ಲುಗಳ ನಡುವೆ ತೂರಿಸಿ. ಮೂರೂ ಹೋಗದಿದ್ದರೆ ಕೆನ್ನೆಯ ಒಳಪದರ ನಾರುಗಟ್ಟುತ್ತಿರಬಹುದು. ತಾಲ್ಲೂಕು ಆಸ್ಪತ್ರೆಯ ದಂತ ವೈದ್ಯರಿಗೆ ಅದೇ ವಾರ ತೋರಿಸಿ.