ಮರಗೆಲಸದ ಕೂಟವೊಂದು ಸಿಎನ್‌ಸಿ ರೌಟರ್ ಕಲಿಯುವ ಕ್ರಮ: ಒಂದು ಕನ್ನಡ ನಾಮಫಲಕದಿಂದ ಆರಂಭ

ಪುಣೆ ಪಕ್ಕದ ಪಿಂಪ್ರಿ-ಚಿಂಚವಾಡದ ಒಂದು ಬಾಡಿಗೆ ಶೆಡ್ಡಿನಲ್ಲಿ ನಾವು ಹನ್ನೆರಡು ಮಂದಿ ಕನ್ನಡಿಗರು ಭಾನುವಾರಗಳಂದು ಸೇರಿ ಮರಗೆಲಸ ಮಾಡುತ್ತೇವೆ. ಭೋಸರಿಯ ಕಾರ್ಖಾನೆಗಳಲ್ಲಿ ಫಿಟ್ಟರ್, ಟರ್ನರ್ ಆಗಿ ದುಡಿದು ನಿವೃತ್ತರಾದವರು, ಹಿಂಜವಡಿಯ ಸಾಫ್ಟ್‌ವೇರ್ ಉದ್ಯೋಗಿಗಳು, ವಿಜಯಪುರ ಜಿಲ್ಲೆಯ ಬಡಿಗೇರ ಮನೆತನದಲ್ಲಿ ಹುಟ್ಟಿ ಉಳಿ-ಕೊಡತಿಗಳ ನಡುವೆಯೇ ಬೆಳೆದ ಹಿರಿಯರೊಬ್ಬರು, ಹೀಗೆ ನಾನಾ ಬಗೆಯವರು ಇದರಲ್ಲಿದ್ದೇವೆ. ಇಂಥ ಕೂಟಕ್ಕೆ, ತಿರುಗುವ ಅಲಗಿನಿಂದ ಮರವನ್ನು ಕೆತ್ತುವ ಕಂಪ್ಯೂಟರ್ ನಿಯಂತ್ರಿತ ರೌಟರ್, ಅಂದರೆ ಎಲ್ಲರೂ ಸಿಎನ್‌ಸಿ ಎಂದು ಕರೆಯುವ ಯಂತ್ರ ಬಂದಾಗ, ಕಂಪ್ಯೂಟರ್ ಬಲ್ಲ ಒಬ್ಬರು ಅದರ ಒಡೆಯರಾಗಿ, ಉಳಿದವರು ಸುತ್ತ ನಿಂತು ನೋಡುವವರಾಗಿಬಿಡುವ ಅಪಾಯವಿದೆ. ಮರವನ್ನು ಬಲ್ಲ ಕೈಗಳೇ ಹಿಂದೆ ಸರಿದರೆ ಕೆಲಸ ಕೆಡುತ್ತದೆ ಎಂಬುದು ನಮಗೆ ಮೊದಲ ತಿಂಗಳಲ್ಲೇ ಮನದಟ್ಟಾಯಿತು. ಆದ್ದರಿಂದ ಮನೆಯ ಬಾಗಿಲಿಗೆ ಹಾಕುವ ಒಂದು ಕನ್ನಡ ನಾಮಫಲಕವನ್ನು ಮೊದಲಿನಿಂದ ಕೊನೆಯವರೆಗೆ ಎಲ್ಲರೂ ಕೂಡಿ ಮಾಡುವ ಕ್ರಮವನ್ನು ಹಾಕಿಕೊಂಡೆವು. ಅದೇ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಕೊಳ್ಳುವ ಮೊದಲು

ಅಂಕಿಗಳ ಮೂಲಕ ಯಂತ್ರವನ್ನು ನಡೆಸುವ ವಿಚಾರ ಹೊಸದಲ್ಲ. ಅಮೆರಿಕದ ಎಂಐಟಿ ಸಂಸ್ಥೆ 1952ರಲ್ಲೇ ಅದನ್ನು ಒಂದು ಮಿಲ್ಲಿಂಗ್ ಯಂತ್ರದ ಮೇಲೆ ಮಾಡಿ ತೋರಿಸಿತ್ತು. ಆರ್ಡುಯಿನೊ ಎಂಬ ಅಗ್ಗದ ಎಲೆಕ್ಟ್ರಾನಿಕ್ ಬೋರ್ಡಿನ ಮೇಲೆ ನಡೆಯುವ, ಯಂತ್ರದ ಚಲನೆಯನ್ನು ನಿಯಂತ್ರಿಸುವ ಜಿಆರ್‌ಬಿಎಲ್ ಎಂಬ ಮುಕ್ತ ತಂತ್ರಾಂಶ 2009ರಲ್ಲಿ ಬಂದ ಮೇಲೆ ನಮ್ಮಂಥ ಹವ್ಯಾಸಿಗಳಿಗೂ ಇದು ಕೈಗೆಟುಕುವಂತಾಯಿತು. ಪುಣೆಯವರಿಗೆ ಹತ್ತಿರದ ಒಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಡಾ. ಎಸ್. ಎಸ್. ಕಲಬಾಗ್ ಅವರು 1983ರಲ್ಲಿ ಶಿರೂರು ತಾಲ್ಲೂಕಿನ ಪಾಬಳದಲ್ಲಿ ಕಟ್ಟಿದ ವಿಜ್ಞಾನ ಆಶ್ರಮದಲ್ಲಿ 2002ರಲ್ಲಿ ಆರಂಭವಾದ ಫ್ಯಾಬ್ ಲ್ಯಾಬ್ (ಕಂಪ್ಯೂಟರ್ ನಿಯಂತ್ರಿತ ಯಂತ್ರಗಳಿಂದ ವಸ್ತುಗಳನ್ನು ಮಾಡಿ ಕಲಿಯುವ ಜಾಗ), ಎಂಐಟಿಯ ಹೊರಗೆ ತೆರೆದ ಇಂಥ ಮೊದಲ ಕಾರ್ಯಾಗಾರಗಳಲ್ಲಿ ಒಂದು. ಹಳ್ಳಿಯ ಮಕ್ಕಳು ಕೈಯಿಂದ ಮಾಡಿ ಕಲಿಯಲೆಂದು ಹುಟ್ಟಿದ ಆ ಸಂಸ್ಥೆಯ ರೀತಿಯೇ ನಮ್ಮ ಕೂಟಕ್ಕೂ ಮಾದರಿಯಾಯಿತು.

ಮೊದಲಿಗೆ 300 × 180 ಮಿ.ಮೀ. ಕೆಲಸದ ಜಾಗವಿರುವ, 3018 ಎಂದು ಕರೆಯುವ ಪುಟ್ಟ ಯಂತ್ರವೇ ಸಾಕು. ಅದು ಗಟ್ಟಿ ಮರವನ್ನು ನಿಧಾನವಾಗಿ, ತೆಳುವಾಗಿ ಮಾತ್ರ ಕೆತ್ತಬಲ್ಲದು. ಆದರೆ ದೊಡ್ಡ ಯಂತ್ರದಲ್ಲಿ ಮಾಡುವ ತಪ್ಪುಗಳನ್ನೆಲ್ಲ ಅದರಲ್ಲಿ ಕಡಿಮೆ ಹಾನಿಯೊಂದಿಗೆ ಮಾಡಿ ಕಲಿಯಬಹುದು. ಮುಂದೆ 2.2 ಕಿಲೋವಾಟ್ ಸ್ಪಿಂಡಲ್ (ಅಲಗನ್ನು ತಿರುಗಿಸುವ ಮೋಟಾರು) ಇರುವ ಯಂತ್ರಕ್ಕೆ ಹೋಗುವವರು ಅದರ ವೇಗವನ್ನು ನಿಯಂತ್ರಿಸುವ ವಿಎಫ್‌ಡಿಗೆ ಸರಿಯಾದ ಅರ್ಥಿಂಗ್ ಇರುವ ಪ್ರತ್ಯೇಕ ಲೈನನ್ನು ಪರಿಣತ ಎಲೆಕ್ಟ್ರಿಷಿಯನ್ ಕೈಯಿಂದ ಎಳೆಸಬೇಕು. ಈ ಒಂದು ಕೆಲಸವನ್ನು ನಾವು ನಾವೇ ಮಾಡಿಕೊಳ್ಳಬಾರದು.

ಪೆನ್ನು ಕಟ್ಟಿ ಆರಂಭಿಸುವುದು

ಯಂತ್ರ ಬಂದ ಮೊದಲ ದಿನವೇ ಬಿಟ್, ಅಂದರೆ ಕೆತ್ತುವ ಅಲಗು, ಹಾಕಬೇಡಿ. ಸ್ಪಿಂಡಲ್ ಇರುವ ಜಾಗಕ್ಕೆ ಒಂದು ಬಾಲ್ ಪೆನ್ನನ್ನು ಭದ್ರವಾಗಿ ಕಟ್ಟಿ, ಹಾಸಿನ ಮೇಲೆ ಕಾಗದ ಅಂಟಿಸಿ, 100 ಮಿ.ಮೀ. ಬದಿಯ ಒಂದು ಚೌಕವನ್ನು ಬರೆಸಿ. ನಾಲ್ಕೂ ಬದಿಗಳನ್ನು ಉಕ್ಕಿನ ಪಟ್ಟಿಯಿಂದ ಅಳೆದ ಮೇಲೆ ಎರಡೂ ಕರ್ಣಗಳನ್ನು ಅಳೆಯಿರಿ. ಅವು ತಲಾ 141.4 ಮಿ.ಮೀ. ಬರಬೇಕು. ಎರಡು ಕರ್ಣಗಳ ಅಳತೆ ಬೇರೆಬೇರೆ ಬಂದರೆ ಯಂತ್ರದ ಅಡ್ಡ ತೊಲೆ, ಅಂದರೆ ಗ್ಯಾಂಟ್ರಿ, ಮೂಲೆಮಟ್ಟದಲ್ಲಿ ಕುಳಿತಿಲ್ಲವೆಂದು ಅರ್ಥ. ಅದನ್ನು ಬೋಲ್ಟ್ ಸಡಿಲಿಸಿ ಸರಿಪಡಿಸಬೇಕೇ ಹೊರತು ತಂತ್ರಾಂಶದಿಂದಲ್ಲ. ಕರ್ಣಗಳು ಸಮವಾಗಿದ್ದು ಬದಿಗಳ ಅಳತೆ ಮಾತ್ರ ತಪ್ಪಿದ್ದರೆ ದೋಷ ಮೋಟಾರಿನ ಲೆಕ್ಕದಲ್ಲಿದೆ.

ಆ ಲೆಕ್ಕವನ್ನು ಕೂಟದ ಪ್ರತಿಯೊಬ್ಬರೂ ಒಮ್ಮೆ ಕೈಯಾರೆ ಮಾಡಬೇಕು. ಸಾಮಾನ್ಯ ಸ್ಟೆಪರ್ ಮೋಟಾರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಪ್ರತಿ ಹೆಜ್ಜೆಯನ್ನು ಎಂಟಾಗಿ ಒಡೆದರೆ 1600 ಆಗುತ್ತದೆ. ಒಂದು ಸುತ್ತಿಗೆ 8 ಮಿ.ಮೀ. ಸರಿಯುವ ಸ್ಕ್ರೂ ಇದ್ದರೆ 1 ಮಿ.ಮೀ.ಗೆ 200 ಹೆಜ್ಜೆ. 300 ಮಿ.ಮೀ. ಸರಿಯಲು ಹೇಳಿದಾಗ 298.5 ಮಿ.ಮೀ. ಮಾತ್ರ ಸರಿದರೆ, 200ನ್ನು 300ರಿಂದ ಗುಣಿಸಿ 298.5ರಿಂದ ಭಾಗಿಸಿ, ಸುಮಾರು 201 ಎಂದು ಜಿಆರ್‌ಬಿಎಲ್‌ನ ಸೆಟ್ಟಿಂಗಿನಲ್ಲಿ ಬರೆಯಬೇಕು. ಎಕ್ಸ್, ವೈ, ಝಡ್ ದಿಕ್ಕುಗಳಿಗೆ ಕ್ರಮವಾಗಿ 100, 101, 102ನೇ ಸಂಖ್ಯೆಯ ಸೆಟ್ಟಿಂಗುಗಳಿವೆ. ಎಷ್ಟು ಹೆಚ್ಚು ದೂರವನ್ನು ಅಳೆಯುತ್ತೀರೋ ಈ ತಿದ್ದುಪಡಿ ಅಷ್ಟು ನಂಬಿಕೆಗೆ ಅರ್ಹವಾಗುತ್ತದೆ. ನಮ್ಮ ನಿವೃತ್ತ ಟರ್ನರ್ ಒಬ್ಬರು ಲೇತಿನ ಲೀಡ್ ಸ್ಕ್ರೂ ಲೆಕ್ಕವೇ ಇದು ಎಂದು ಗುರುತಿಸಿದ ಕ್ಷಣದಿಂದ, ಕಂಪ್ಯೂಟರ್ ಮುಟ್ಟಲು ಹಿಂಜರಿಯುತ್ತಿದ್ದ ಅವರೇ ಉಳಿದವರಿಗೆ ಈ ಭಾಗವನ್ನು ಕಲಿಸತೊಡಗಿದರು.

ಅಕ್ಷರಗಳನ್ನು ಸಿದ್ಧಪಡಿಸುವುದು

ಕನ್ನಡಿಗರ ಕೂಟ ಹೆಚ್ಚು ಗಮನ ಕೊಡಬೇಕಾದ ಭಾಗವಿದು. ಇಂಗ್ಲಿಷ್ ಅಕ್ಷರಗಳನ್ನು ನೇರವಾಗಿ ಟೈಪ್ ಮಾಡಲು ಬಿಡುವ ಹಲವು ವಿನ್ಯಾಸ ತಂತ್ರಾಂಶಗಳು ಕನ್ನಡದ ಒತ್ತಕ್ಷರ ಮತ್ತು ಗುಣಿತಾಕ್ಷರಗಳನ್ನು ಸರಿಯಾಗಿ ಜೋಡಿಸುವುದಿಲ್ಲ. ಒತ್ತು ಪಕ್ಕಕ್ಕೆ ಹೋಗಿ ನಿಲ್ಲುತ್ತದೆ, ಇಲ್ಲವೇ ಖಾಲಿ ಚೌಕ ಕಾಣುತ್ತದೆ. ಆದ್ದರಿಂದ ಹೆಸರನ್ನು ಉಚಿತವಾಗಿ ಸಿಗುವ ಇಂಕ್‌ಸ್ಕೇಪ್‌ನಲ್ಲಿ, ನೋಟೊ ಸೆರಿಫ್ ಕನ್ನಡ ಅಥವಾ ಬಲೂ ತಮ್ಮದಂಥ ಯೂನಿಕೋಡ್ ಫಾಂಟಿನಲ್ಲಿ ಬರೆದು, ಅಲ್ಲಿಯೇ ಅಕ್ಷರಗಳನ್ನು ಗೆರೆಗಳಾಗಿ ಪರಿವರ್ತಿಸಿ, ನಂತರ ಯೂನಿಯನ್ ಆಜ್ಞೆಯಿಂದ ಒಂದುಗೂಡಿಸಬೇಕು. ಈ ಎರಡನೆಯ ಹೆಜ್ಜೆಯನ್ನು ಮರೆತರೆ, ಅಕ್ಷರದ ಮೈಯೂ ಅದರ ಸ್ವರಚಿಹ್ನೆಯೂ ಒಂದರ ಮೇಲೊಂದು ಹಾಯುವ ಕಡೆ ಒಳಗೊಂದು ಅನಗತ್ಯ ಗೆರೆ ಉಳಿದು, ಬಿಟ್ ಅದನ್ನೂ ಕೆತ್ತುತ್ತದೆ. ಹೀಗೆ ಸಿದ್ಧವಾದ ಚಿತ್ರವನ್ನು ಎಸ್‌ವಿಜಿ ಕಡತವಾಗಿ ಉಳಿಸಿ, ಫ್ರೀಕ್ಯಾಡ್‌ಗೋ ನೀವು ಬಳಸುವ ಬೇರಾವುದೇ ಕ್ಯಾಮ್ ತಂತ್ರಾಂಶಕ್ಕೋ ಕೊಡಿ; ಚಿತ್ರವನ್ನು ಯಂತ್ರ ನಡೆಸುವ ಆಜ್ಞೆಗಳಾಗಿ ಬದಲಿಸುವುದು ಅದರ ಕೆಲಸ.

ಅಭ್ಯಾಸಕ್ಕೆ ನಾವು ಆರಿಸಿದ ಹೆಸರು ‘ತುಂಗಭದ್ರಾ’. ಅದರಲ್ಲಿ ಸೊನ್ನೆಯಿದೆ, ಒತ್ತಿದೆ, ದೀರ್ಘವಿದೆ, ಮಹಾಪ್ರಾಣವಿದೆ. ಚಪ್ಪಟೆ ತುದಿಯ 3 ಮಿ.ಮೀ. ಬಿಟ್‌ನಿಂದ ಕೆತ್ತಲು ಹೊರಟಾಗ, ಭಕಾರದ ಬುಡದಲ್ಲಿರುವ ಪುಟ್ಟ ಗೀಟು 3 ಮಿ.ಮೀ.ಗಿಂತ ಕಿರಿದಾಗಿದ್ದರಿಂದ ತಂತ್ರಾಂಶ ಅದನ್ನು ಸದ್ದಿಲ್ಲದೆ ಬಿಟ್ಟುಬಿಟ್ಟಿತು. ಹಲಗೆಯ ಮೇಲೆ ‘ತುಂಗಬದ್ರಾ’ ಮೂಡಿತು. ಯಾವ ಎಚ್ಚರಿಕೆಯ ಸಂದೇಶವೂ ಬರಲಿಲ್ಲ. ಆದ್ದರಿಂದ ಕೆತ್ತುವ ಮೊದಲು ತೆರೆಯ ಮೇಲಿನ ಮಾದರಿಯನ್ನು ಕನ್ನಡ ಚೆನ್ನಾಗಿ ಬಲ್ಲ ಇಬ್ಬರು ಅಕ್ಷರ ಅಕ್ಷರವಾಗಿ ಓದಬೇಕೆಂಬ ನಿಯಮವನ್ನು ಮಾಡಿಕೊಂಡಿದ್ದೇವೆ.

ಇಂಥ ಕೆಲಸಕ್ಕೆ ವಿ ಆಕಾರದ ಚೂಪು ತುದಿಯ ವಿ-ಬಿಟ್ ಒಳ್ಳೆಯದು. ಅದು ಗೆರೆ ಅಗಲವಿದ್ದಲ್ಲಿ ಆಳಕ್ಕೆ ಇಳಿದು, ಕಿರಿದಾದಲ್ಲಿ ಮೇಲೇಳುವುದರಿಂದ ಅಕ್ಷರದ ತುದಿಗಳು ಉಳಿಯಿಂದ ಕಡೆದಷ್ಟೇ ಚೂಪಾಗುತ್ತವೆ. 60 ಡಿಗ್ರಿಯ ಬಿಟ್ 6 ಮಿ.ಮೀ. ಅಗಲದ ಗೆರೆಗೆ ಸುಮಾರು 5.2 ಮಿ.ಮೀ. ಆಳಕ್ಕೆ ಇಳಿಯುತ್ತದೆ. 90 ಡಿಗ್ರಿಯದಾದರೆ 3 ಮಿ.ಮೀ. ಸಾಕು. ದಪ್ಪ ಅಕ್ಷರಗಳಿಗೆ 90, ತೆಳು ಅಕ್ಷರಗಳಿಗೆ 60 ಎಂಬುದು ನಮ್ಮ ರೂಢಿ. ಅಕ್ಷರಗಳನ್ನು ಕೆತ್ತುವ ಬದಲು ಪೂರ್ತಿ ಕತ್ತರಿಸಿ ತೆಗೆಯುವುದಾದರೆ ಸೊನ್ನೆ ಮತ್ತು ಒತ್ತುಗಳು ಬೇರೆ ತುಂಡುಗಳಾಗಿ ಕಳಚಿಕೊಳ್ಳುತ್ತವೆಂಬುದನ್ನು ನೆನಪಿಟ್ಟು, ಅವನ್ನು ಅಂಟಿಸಲು ಹಿಂಬದಿಗೊಂದು ಹಲಗೆಯನ್ನು ಮೊದಲೇ ಯೋಚಿಸಿಟ್ಟಿರಬೇಕು.

ಹಲಗೆ, ಹಾಸು, ಹಿಡಿತ

ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್‌ನಿಂದ ತಂದ ಸಾಗುವಾನಿಯನ್ನು ಅದೇ ದಿನ ಕೆತ್ತಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪುಣೆಯ ಮಳೆಗಾಲದಲ್ಲಂತೂ ಮರ ತೇವ ಹೀರಿ ಉಬ್ಬಿರುತ್ತದೆ. ಶೆಡ್ಡಿನಲ್ಲಿ ಎರಡು ಮೂರು ವಾರ, ನಡುವೆ ಪಟ್ಟಿಗಳನ್ನಿಟ್ಟು ಗಾಳಿಯಾಡುವಂತೆ ಪೇರಿಸಿ, ತೇವಾಂಶ ಶೇ. 12ರ ಆಸುಪಾಸಿಗೆ ಬಂದ ಮೇಲೆ ಬಳಸಿ. ಸಾಗುವಾನಿಯಲ್ಲಿ ಸಿಲಿಕಾ ಇರುವುದರಿಂದ ಬಿಟ್‌ನ ಅಲಗು ಬೇಗ ಮೊಂಡಾಗುತ್ತದೆ. ಕಾರ್ಬೈಡ್ ಬಿಟ್ ಅನ್ನೇ ಕೊಳ್ಳಬೇಕು.

ವಿ-ಬಿಟ್ ಕೆಲಸದಲ್ಲಿ ಹಲಗೆಯ ಮಟ್ಟವೇ ಮುಖ್ಯ. ಮೇಲ್ಮೈ ಅರ್ಧ ಮಿ.ಮೀ. ತಗ್ಗಿದ್ದರೆ, 90 ಡಿಗ್ರಿಯ ಬಿಟ್‌ನಲ್ಲಿ ಗೆರೆಯ ಅಗಲ ಪೂರ್ತಿ 1 ಮಿ.ಮೀ. ಕಡಿಮೆಯಾಗುತ್ತದೆ. ಅಂದರೆ ಫಲಕದ ಒಂದು ತುದಿಯಲ್ಲಿ ಅಕ್ಷರ ದಪ್ಪ, ಇನ್ನೊಂದರಲ್ಲಿ ಸೊರಗಿದ್ದಂತೆ ಕಾಣುತ್ತದೆ. ಯಂತ್ರಕ್ಕೆ ಇದು ಗೊತ್ತಾಗುವುದಿಲ್ಲ. ಕೀಸುಳಿ ಹಿಡಿದು ಹಲಗೆಯನ್ನು ಮಟ್ಟ ಮಾಡಬಲ್ಲವರ, ಬೆಳಕಿಗೆ ಅಡ್ಡಲಾಗಿ ಪಟ್ಟಿಯಿಟ್ಟು ಸಂದು ನೋಡಬಲ್ಲವರ ಕೈಗೇ ಈ ಕೆಲಸ ಸಲ್ಲುತ್ತದೆ. ಯಂತ್ರದ ಹಾಸಿನ ಮೇಲೂ ಒಂದು ಎಂಡಿಎಫ್ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ) ಹಲಗೆಯನ್ನು ಬಿಗಿದು, ಅಗಲವಾದ ಚಪ್ಪಟೆ ಬಿಟ್‌ನಿಂದ ಅರ್ಧ ಮಿ.ಮೀ. ಸವರಿ, ಅದನ್ನು ಗ್ಯಾಂಟ್ರಿಗೆ ಸಮಾನಾಂತರವಾಗಿ ಮಾಡಿಕೊಂಡಿರಬೇಕು. ಕ್ಲ್ಯಾಂಪ್‌ಗಳು ಬಿಟ್ ಓಡಾಡುವ ದಾರಿಯಿಂದ ಹೊರಗಿರಲಿ.

ಕೆತ್ತುವ ಮೊದಲು ಹಲಗೆಯ ಮುಖಕ್ಕೆ ಅರಗಿನ ಪಾಲಿಶ್ ಎರಡು ಕೈ ಹಚ್ಚಿ ಒಣಗಿಸಿ. ಉಳಿ ಹಿಡಿದವರು ಮರದ ಎಳೆ ನೋಡಿ ದಿಕ್ಕು ಬದಲಿಸುತ್ತಾರೆ. ತಿರುಗುವ ಬಿಟ್ ಹಾಗೆ ಮಾಡುವುದಿಲ್ಲ. ಕನ್ನಡದ ದುಂಡು ಅಕ್ಷರಗಳಲ್ಲಿ ಅದು ಪ್ರತಿ ಸುತ್ತಿನಲ್ಲೂ ಎಲ್ಲೋ ಒಂದು ಕಡೆ ಎಳೆಗೆ ಎದುರಾಗಿ ಹೋಗಲೇಬೇಕು, ಅಲ್ಲಿ ಸಿಬಿರು ಏಳುತ್ತದೆ. ಅರಗು ಎಳೆಗಳನ್ನು ಬಿಗಿಹಿಡಿದು ಅದನ್ನು ಬಹುಮಟ್ಟಿಗೆ ತಡೆಯುತ್ತದೆ. ಈ ಉಪಾಯವನ್ನು ಹೇಳಿಕೊಟ್ಟವರು ನಮ್ಮ ಬಡಿಗೇರ ಹಿರಿಯರು.

ವೇಗ ಮತ್ತು ಸೊನ್ನೆ

ಬಿಟ್ ಮುಂದೆ ಸಾಗುವ ವೇಗಕ್ಕೆ ಸರಳ ಲೆಕ್ಕವಿದೆ: ನಿಮಿಷಕ್ಕೆ ಸುತ್ತುಗಳು, ಅಲಗುಗಳ ಸಂಖ್ಯೆ, ಪ್ರತಿ ಅಲಗು ತೆಗೆಯುವ ಸಿಪ್ಪೆಯ ದಪ್ಪ, ಈ ಮೂರರ ಗುಣಲಬ್ಧ. 12000 ಸುತ್ತು, ಎರಡು ಅಲಗು, 0.08 ಮಿ.ಮೀ. ಎಂದಾದರೆ ನಿಮಿಷಕ್ಕೆ 1920 ಮಿ.ಮೀ. ಇದು ಗಟ್ಟಿಮುಟ್ಟಾದ ಯಂತ್ರಕ್ಕೆ ಸರಿ. ಪುಟ್ಟ ಯಂತ್ರದಲ್ಲಿ ಆಳವನ್ನೂ ವೇಗವನ್ನೂ ತಗ್ಗಿಸಿ, ಸುತ್ತುಗಳನ್ನೂ ಜೊತೆಗೇ ತಗ್ಗಿಸಬೇಕು. ಹೊಸಬರು ಅಂಜಿಕೆಯಿಂದ ವೇಗವನ್ನಷ್ಟೇ ತಗ್ಗಿಸುತ್ತಾರೆ. ಆಗ ಅಲಗು ಮರವನ್ನು ಕಡಿಯದೆ ಉಜ್ಜುತ್ತದೆ, ಕಾವು ಹೆಚ್ಚಿ ಮರ ಕಪ್ಪಾಗುತ್ತದೆ. ಬಿಟ್‌ನಿಂದ ಹೊರಬರುವುದು ಸಿಪ್ಪೆಯೋ ಹಿಟ್ಟಿನಂಥ ಪುಡಿಯೋ ಎಂಬುದನ್ನು ಬೆರಳಲ್ಲಿ ಹಿಡಿದು ನೋಡಿ (ಸ್ಪಿಂಡಲ್ ನಿಂತ ಮೇಲೆ). ಘನ ಮರದಲ್ಲಿ ಸಿಪ್ಪೆ ಬಂದರೆ ವೇಗ ಸರಿಯಿದೆ.

ಬಿಟ್ ಅನ್ನು ಹಿಡಿಯುವ ಕೊಲೆಟ್ ಅನ್ನು ಮೊದಲು ನಟ್ಟಿನೊಳಗೆ ಟಕ್ ಎಂದು ಕೂರಿಸಿ, ಆಮೇಲೆ ಸ್ಪಿಂಡಲ್‌ಗೆ ಹಾಕಿ ಬಿಟ್ ಬಿಗಿಯಬೇಕು. ಈ ಕ್ರಮ ತಪ್ಪಿದರೆ ಬಿಟ್ ಓಲಾಡುತ್ತದೆ.

ಕೆಲಸದ ಆರಂಭದ ಬಿಂದುವನ್ನು, ಅಂದರೆ ಸೊನ್ನೆಯನ್ನು ಗೊತ್ತುಮಾಡುವಾಗ ಆಗುವ ತಪ್ಪು ಎಲ್ಲಕ್ಕಿಂತ ದುಬಾರಿ. ನಮ್ಮಲ್ಲಿ ಒಮ್ಮೆ, ಕಡತದಲ್ಲಿ ಸೊನ್ನೆ ಹಾಸಿನ ಮೇಲ್ಮೈಯಲ್ಲಿದೆ ಎಂದು ಬರೆದಿದ್ದರೆ, ಯಂತ್ರದ ಬಳಿ ಇದ್ದವರು ಹಲಗೆಯ ನೆತ್ತಿಯಲ್ಲಿ ಸೊನ್ನೆ ಹಿಡಿದರು. 18 ಮಿ.ಮೀ. ದಪ್ಪದ ಹಲಗೆಯ ನೆತ್ತಿಯಿಂದ 18 ಮಿ.ಮೀ. ಮೇಲೆ ಬಿಟ್ ಗಾಳಿಯಲ್ಲೇ ಕೆತ್ತಿತು, ಹಾನಿಯಾಗಲಿಲ್ಲ. ಅದೇ ತಪ್ಪು ತಿರುವುಮುರುವಾಗಿದ್ದರೆ ಬಿಟ್ 18 ಮಿ.ಮೀ. ಆಳಕ್ಕೆ ನುಗ್ಗಿ ಮುರಿಯುತ್ತಿತ್ತು. ಅಂದಿನಿಂದ ಸೊನ್ನೆ ಎಲ್ಲಿ ಎಂಬುದನ್ನು ಕಡತದ ಹೆಸರಿನಲ್ಲೇ ಬರೆಯುತ್ತೇವೆ. ಯಂತ್ರಕ್ಕೆ ಹೋಗುವ ಆಜ್ಞೆಗಳ ಪಟ್ಟಿಯಾದ ಜಿ-ಕೋಡ್‌ನ ಮೊದಲ ಹತ್ತು ಸಾಲುಗಳನ್ನೂ ಗಟ್ಟಿಯಾಗಿ ಓದುತ್ತೇವೆ. ಜಿ21 ಇದ್ದರೆ ಅಳತೆ ಮಿಲಿಮೀಟರಿನಲ್ಲಿದೆ, ಜಿ20 ಇದ್ದರೆ ಇಂಚಿನಲ್ಲಿದೆ, ಅಂದರೆ ಎಲ್ಲವೂ 25.4 ಪಟ್ಟು ದೊಡ್ಡದು. ಎಂ3 ಎಂದರೆ ಸ್ಪಿಂಡಲ್ ತಿರುಗತೊಡಗುತ್ತದೆ.

ಮೂವರ ಪಾಳಿ

ಯಂತ್ರ ನಡೆಯುವಾಗ ಮೂವರು ಇರಬೇಕು. ಒಬ್ಬರು ತುರ್ತು ನಿಲುಗಡೆಯ ಗುಂಡಿಯ ಪಕ್ಕ, ಒಬ್ಬರು ಕಂಪ್ಯೂಟರ್ ಮುಂದೆ, ಒಬ್ಬರು ದಾಖಲೆ ಪುಸ್ತಕ ಹಿಡಿದು. ಪ್ರತಿ ಕೆಲಸಕ್ಕೆ ಪಾಳಿ ಬದಲಾಗಬೇಕು, ಯಾರಿಗೂ ಖಾಯಂ ಜಾಗ ಇರಬಾರದು. ಮೊದಲು ಬಿಟ್ ಅನ್ನು ಹಲಗೆಯಿಂದ 25 ಮಿ.ಮೀ. ಮೇಲಿಟ್ಟು ಇಡೀ ಕಡತವನ್ನು ಗಾಳಿಯಲ್ಲಿ ಓಡಿಸಿ, ಆಮೇಲೆ ಎಂಡಿಎಫ್ ತುಂಡಿನಲ್ಲಿ, ಕೊನೆಗೆ ಸಾಗುವಾನಿಯಲ್ಲಿ ಕೆತ್ತಿಸಿ. ಯಂತ್ರವನ್ನು ಬಿಟ್ಟು ಚಹಾಕ್ಕೂ ಹೋಗಬೇಡಿ. ಮೊಂಡು ಬಿಟ್‌ನ ಕಾವಿಗೆ ಕೆಂಡವಾದ ಪುಡಿ ಧೂಳಿನ ಚೀಲಕ್ಕೆ ಸೇರಿದರೆ ಬೆಂಕಿ ಹೊತ್ತುತ್ತದೆ. ಕೈಗವಸು ಬೇಡ, ಬಿಟ್‌ಗೆ ಸಿಕ್ಕರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಕನ್ನಡಕ, ಕಿವಿಗೆ ರಕ್ಷಣೆ, ಎನ್95 ಮುಖಗವಸು ಕಡ್ಡಾಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲನೇ ಗುಂಪಿನಲ್ಲಿ ಇಟ್ಟಿದೆ. ಹಿರಿಯರು ಮುಖಗವಸು ಬೇಡವೆಂದಾಗ ನಾವು ಕಿರಿಯರು ಈ ಒಂದು ವಿಷಯದಲ್ಲಿ ಮಾತ್ರ ಅವರ ಮಾತಿಗೆ ಒಪ್ಪುವುದಿಲ್ಲ.

ಕೆತ್ತನೆ ಮುಗಿದ ಮೇಲೆ ಅಕ್ಷರಗಳ ಒಳಗಿನ ಸಿಬಿರನ್ನು ಚೂಪಾದ ಉಳಿಯಿಂದ ತೆಗೆದು, ಒಳಗೂ ಒಮ್ಮೆ ಅರಗು ಹಚ್ಚಿ, ಬಣ್ಣ ತುಂಬಿ, ಒಣಗಿದ ನಂತರ ಮುಖವನ್ನು 180ನೇ ನಂಬರಿನ ಮರಳು ಕಾಗದದಿಂದ ಹಗುರವಾಗಿ ಉಜ್ಜಿ. ಹೆಚ್ಚು ಉಜ್ಜಿದರೆ ವಿ ಆಕಾರದ ಗೆರೆಗಳು ಕಿರಿದಾಗುತ್ತವೆ. ಅದೇ ದಿನ ದಾಖಲೆ ಪುಸ್ತಕದಲ್ಲಿ ಮರ, ಬಿಟ್, ಸುತ್ತುಗಳು, ವೇಗ, ಆಳ, ಬಂದ ಫಲಿತಾಂಶ ಇವನ್ನು ಕನ್ನಡದಲ್ಲಿ ಬರೆದು, ಆ ಪುಟಕ್ಕೆ ಒಂದು ಚಿಟಿಕೆ ಸಿಪ್ಪೆಯನ್ನು ಟೇಪಿನಿಂದ ಅಂಟಿಸಿ, ಉಳಿದ ಹಲಗೆ ತುಂಡಿನ ಹಿಂದೆ ಪುಟದ ಸಂಖ್ಯೆಯನ್ನು ಬರೆದು ಕಪಾಟಿನಲ್ಲಿಡಿ. ಮುಂದಿನ ಭಾನುವಾರ ಪಾಳಿಗೆ ಬರುವವರು ಆ ಪುಟದಿಂದಲೇ ಕೆಲಸ ಮುಂದುವರಿಸುತ್ತಾರೆ.